ರಕ್ತದ ಒರತೆ ಬತ್ತದಿರುವುದು ಹೇಗೆ?

ಚನ್ನಪಟ್ಟಣ ತಾಲ್ಲೂಕಿನ ನಮ್ಮ ಅಕ್ಕೂರಿನ ಕಡೆ ರೇಷ್ಮೆಹುಳು ಸಾಕುವ ಮನೆಯೊಂದಕ್ಕೆ ನೀವು ಎಂದಾದರೂ ಕಾಲಿಟ್ಟಿದ್ದರೆ ಒಂದು ಸದ್ದು ನಿಮ್ಮ ಕಿವಿಯಲ್ಲಿ ಉಳಿದಿರಬೇಕು. ಬಿದಿರು ತಟ್ಟೆಗಳಲ್ಲಿ ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುವ ಸದ್ದು ಅದು. ಹೆಂಚಿನ ಮೇಲೆ ಸೋನೆಮಳೆ ಬಿದ್ದಂತೆ ಕೇಳುತ್ತದೆ. ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟುವವರೆಗಿನ ಸುಮಾರು ಇಪ್ಪತ್ತೈದು ದಿನಗಳಲ್ಲಿ ಈ ಸದ್ದು ನಾಲ್ಕು ಸಲ ನಿಂತುಹೋಗುತ್ತದೆ. ಹುಳು ತಲೆಯೆತ್ತಿ ಅಲುಗದೆ ಕುಳಿತುಬಿಡುತ್ತದೆ. ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ನಿಜವಾದ ಜ್ವರವಲ್ಲ, ಹಳೆಯ ಚರ್ಮ ಕಳಚಿ ಹೊಸದನ್ನು ತೊಡುವ ಹೊತ್ತು. ಅರಿಯದ ಹೊಸ ಸೊಸೆ ಸೊಪ್ಪು ಹಾಕಲು ಹೋದರೆ ಅತ್ತೆ ಕೈ ಹಿಡಿದು ತಡೆಯುತ್ತಾಳೆ: ‘ಜ್ವರಕ್ಕೆ ಕೂತವೆ, ಮುಟ್ಟಬೇಡ!’ ಆ ದಿನ ಸೊಪ್ಪಿಲ್ಲ, ಅಲುಗಾಟವಿಲ್ಲ. ಸುಮ್ಮನಿರುವುದೇ ಆಗ ಹುಳುವಿನ ಕೆಲಸ; ಸುಮ್ಮನಿರಲು ಬಿಡುವುದೇ ಮನೆಯವರ ಕೆಲಸ.

ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ. ಇಂದಿನ ನನ್ನ ವಿಷಯ ರೇಷ್ಮೆಯಲ್ಲ, ರಕ್ತ. ಆದರೂ ಕೊನೆಗೆ ಇದೇ ಹುಳುಮನೆಗೆ ನಾವು ಮರಳಿ ಬರಬೇಕಾಗಿದೆ.

ಕನ್ನಡ ಪಂಡಿತನಿಗೆ ರಕ್ತದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯನ್ನು ಕರೆದುಕೊಂಡು ಒಂದು ಸಂಜೆ ಮನೆಗೆ ಬಂದಳು. ಅವಳ ತಮ್ಮನಿಗೆ ಮಜ್ಜೆ ಒಣಗುವ ಕಾಯಿಲೆ. ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿದೆ. ಬೇರೆಯವರ ರಕ್ತ ಏರಿಸಿ ಎಷ್ಟು ದಿನ ನಡೆಸುವುದು? ಹೊಂದುವ ಮಜ್ಜೆ ಸಿಕ್ಕಿದರೆ ಕಸಿ ಮಾಡಬಹುದೆಂದು ವೈದ್ಯರು ಹೇಳಿದ್ದರು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಮಜ್ಜೆಯೂ ಪೂರ್ತಿಯಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಪುಣ್ಯಕ್ಕೆ ಅಕ್ಕನದು ಹೊಂದಿತ್ತು. ಅವಳು ಕೊಡಲು ಸಿದ್ಧಳಾಗಿದ್ದಳು. ತಾಯಿಯ ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ.

‘ಮೇಷ್ಟ್ರೇ, ಮಗನ್ನ ಉಳಿಸ್ಕೊಳ್ಳಕ್ಕೆ ಮಗಳ ರಕ್ತದ ಬೇರನ್ನೇ ಕಿತ್ತು ಕೊಟ್ರೆ, ನಾಳೆ ಅವಳ ಗತಿ ಏನಾಯ್ತದೆ?’

ನಾನು ನಿರುತ್ತರನಾದೆ. ‘ವೈದ್ಯರನ್ನು ಕೇಳಿ, ಅವರು ಹೇಳಿದಂತೆ ನಡೆಯಿರಿ’ ಎಂದಷ್ಟೇ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಕೊಟ್ಟರೆ ಬತ್ತುವುದಿಲ್ಲವೆ? ಕೊಡದಿದ್ದರೂ, ಎಪ್ಪತ್ತು ಎಂಬತ್ತು ವರ್ಷ ಹಗಲಿರುಳೂ ರಕ್ತ ಸುರಿಸುವ ಈ ಒರತೆ ಬತ್ತದಿರುವುದಾದರೂ ಹೇಗೆ? ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕಾಡಿ, ಸಿಕ್ಕಿದ್ದನ್ನು ಓದಿ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಖರ್ಚಿನ ಲೆಕ್ಕ ನೋಡೋಣ. ನಿಮ್ಮ ಮೈಯಲ್ಲಿ ಹರಿಯುವ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಬಿಲ್ಲೆಗಳದು ಒಂದು ವಾರದಿಂದ ಹತ್ತು ದಿನ. ಸೋಂಕಿನೊಡನೆ ಹೋರಾಡುವ ಕೆಲವು ಬಿಳಿಯ ಕಣಗಳಂತೂ ರಕ್ತದಲ್ಲಿ ಒಂದು ದಿನ ಬಾಳಿದರೆ ಹೆಚ್ಚು. ಸತ್ತವುಗಳ ಜಾಗಕ್ಕೆ ಹೊಸವು ಬರುತ್ತಲೇ ಇರಬೇಕು. ಹೀಗೆ ವಯಸ್ಕರೊಬ್ಬರ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ಮಾಡುತ್ತದೆ. ನಾನು ಈ ವಾಕ್ಯ ಮುಗಿಸುವಷ್ಟರಲ್ಲಿ ನಿಮ್ಮೊಳಗೆ ಕೋಟಿಗೂ ಮಿಕ್ಕಿದ ಹೊಸ ಕಣಗಳು ಹುಟ್ಟಿರುತ್ತವೆ.

ನಮ್ಮ ಹಿಂದಿನವರು ಸಪ್ತಧಾತುಗಳನ್ನು ಎಣಿಸುವಾಗ ರಸದ ನಂತರ ರಕ್ತ, ಆಮೇಲೆ ಮಾಂಸ, ಮೇದಸ್ಸು, ಅಸ್ಥಿ, ಅಲ್ಲಿಂದ ಮಜ್ಜೆ ಎಂಬ ಕ್ರಮವನ್ನು ಹೇಳಿದರು. ಅವರ ಲೆಕ್ಕದಲ್ಲಿ ಮಜ್ಜೆ ರಕ್ತಕ್ಕಿಂತ ಬಹಳ ಮುಂದಿನ ಮೆಟ್ಟಿಲು. ವಿಜ್ಞಾನ ಈ ಕ್ರಮವನ್ನು ತಿರುಗಿಸಿತು. ಮೂಳೆಯೊಳಗಿನ ಮಜ್ಜೆಯೇ ರಕ್ತದ ತವರೆಂದು 1868ರಲ್ಲಿ ಜರ್ಮನಿಯ ಅರ್ನ್‌ಸ್ಟ್ ನಾಯ್ಮನ್ ತೋರಿಸಿದರು. ಆ ಮಜ್ಜೆಯಲ್ಲಿ ಎಲ್ಲ ಬಗೆಯ ರಕ್ತಕಣಗಳಿಗೂ ತಾಯಿಯಾದ ಜೀವಕೋಶವಿದೆ ಎಂಬುದಕ್ಕೆ ಪ್ರಯೋಗದ ಆಧಾರ ಸಿಕ್ಕಿದ್ದು ಸುಮಾರು ನೂರು ವರ್ಷದ ಮೇಲೆ. ಕೆನಡಾದ ಟೊರಾಂಟೋ ನಗರದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್ಯುಲಕ್ ಇಬ್ಬರೂ ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಚುಚ್ಚಿದರು. ಆ ಇಲಿಗಳ ಗುಲ್ಮದಲ್ಲಿ ಸಣ್ಣ ಸಣ್ಣ ಗಂಟುಗಳು ಮೂಡಿದವು. ಗಂಟುಗಳಲ್ಲಿ ಹೊಸ ರಕ್ತಕಣಗಳಿದ್ದವು. ಇದು ಪ್ರಕಟವಾದದ್ದು 1961ರಲ್ಲಿ. ಒಂದೊಂದು ಗಂಟೂ ಒಂದೇ ಒಂದು ಕೋಶದಿಂದ ಬೆಳೆದದ್ದೆಂದು ಎರಡು ವರ್ಷಗಳ ನಂತರ ಖಚಿತವಾಯಿತು.

ಈ ತಾಯಿಕೋಶವನ್ನು ಕನ್ನಡದಲ್ಲಿ ಕೆಲವರು ಕಾಂಡಕೋಶವೆನ್ನುತ್ತಾರೆ, ಕೆಲವರು ಆಕರಕೋಶವೆನ್ನುತ್ತಾರೆ. ಆಕರವೆಂದರೆ ಗಣಿ. ಪದ ಚೆನ್ನಾಗಿದೆ, ಆದರೆ ಒಂದು ಕೊರತೆಯಿದೆ. ತೋಡಿದಷ್ಟೂ ಗಣಿ ಬರಿದಾಗುತ್ತದೆ. ಈ ಕೋಶ ಹಾಗಲ್ಲ. ಅದು ಇಬ್ಭಾಗವಾದಾಗ ಒಂದು ಪಾಲು ರಕ್ತಕಣಗಳಾಗುವ ದಾರಿ ಹಿಡಿದರೆ ಇನ್ನೊಂದು ಪಾಲು ತಾಯಿಯಾಗಿಯೇ ಉಳಿಯಬಲ್ಲದು. ಆದ್ದರಿಂದ ನನಗೆ ಒಪ್ಪುವ ಹೋಲಿಕೆ ನಮ್ಮ ಬಿತ್ತನೆಗೂಡು. ರಾಮನಗರದ ಮಾರುಕಟ್ಟೆಗೆ ಬರುವ ಗೂಡೆಲ್ಲ ಬಿಸಿನೀರಿಗೆ ಬಿದ್ದು ನೂಲಾಗುತ್ತದೆ. ಮಾಗಡಿ, ಕುಣಿಗಲ್ ಕಡೆ ಬೆಳೆಯುವ ಬಿತ್ತನೆಗೂಡನ್ನು ಯಾರೂ ಬೇಯಿಸುವುದಿಲ್ಲ, ಅದನ್ನು ಕಾಯುತ್ತಾರೆ. ಅದು ಉಳಿದರೆ ಮುಂದಿನ ಬೆಳೆ.

ಇಂಥ ಕೋಶಗಳು ನಮ್ಮಲ್ಲಿ ಎಷ್ಟಿರಬಹುದು? 59 ವರ್ಷದ ಒಬ್ಬ ಗಂಡಸಿನ ರಕ್ತವನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ ರಕ್ತ ಮಾಡುವ ಕೆಲಸದಲ್ಲಿ ತೊಡಗಿದ ಆಕರಕೋಶಗಳು 50 ಸಾವಿರದಿಂದ 2 ಲಕ್ಷದಷ್ಟು. ದಿನಕ್ಕೆ ಸಾವಿರಾರು ಕೋಟಿ ಕಣ ಬೇಕಾದ ಮೈಗೆ ಇಷ್ಟು ಕೆಲವೇ ತಾಯಂದಿರು! ಹಾಗಾದರೆ ಇವು ಬಿಡುವಿಲ್ಲದೆ ದುಡಿಯುತ್ತಿರಬೇಕು ಎಂದು ನಮಗೆ ತೋರುತ್ತದೆ. ನಡೆದಿರುವುದು ಅದಕ್ಕೆ ವಿರುದ್ಧ. ಇವು ತಿಂಗಳುಗಟ್ಟಲೆ ಸುಮ್ಮನಿದ್ದು, ಎಂದೋ ಒಮ್ಮೆ ಇಬ್ಭಾಗವಾಗುತ್ತವೆ. ಗುಣಾಕಾರದ ಕೆಲಸವೆಲ್ಲ ಮಕ್ಕಳದು, ಮೊಮ್ಮಕ್ಕಳದು. ತಾಯಿಕೋಶ ಜ್ವರಕ್ಕೆ ಕುಳಿತ ಹುಳುವಿನಂತೆ ಮಜ್ಜೆಯ ಮೂಲೆಯಲ್ಲಿ ತಣ್ಣಗಿರುತ್ತದೆ.

ಸುಮ್ಮನಿದ್ದ ಮಾತ್ರಕ್ಕೆ ವಸ್ತು ಕೆಡುವುದಿಲ್ಲವೆ? ಬೀಗ ಹಾಕಿದ ಮನೆಯೂ ಹಾಳಾಗುತ್ತದಲ್ಲ! ಇಲ್ಲಿಯೇ ಪ್ರೋಟೀನಿನ ಕಥೆ ಬರುತ್ತದೆ. ನಾನು ಓದುವಾಗ ಅದನ್ನು ಸಸಾರಜನಕ ಎನ್ನುತ್ತಿದ್ದರು. ಬೇಳೆ, ಹಾಲು, ಮೊಟ್ಟೆಗಳಲ್ಲಿ ಇರುವುದೆಂದು ನಿಮಗೆ ಗೊತ್ತು. ರೇಷ್ಮೆಯ ಎಳೆಯೂ ಪ್ರೋಟೀನೇ. ಒಂದೊಂದು ಜೀವಕೋಶವೂ ತನ್ನ ಕೆಲಸಕ್ಕೆ ಬೇಕಾದ ಪ್ರೋಟೀನುಗಳನ್ನು ತಾನೇ ನೇಯ್ದುಕೊಳ್ಳುತ್ತದೆ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದರೆ ಎಳೆಯಾಯಿತು. ಆ ಎಳೆ ಸರಿಯಾದ ರೀತಿಯಲ್ಲಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ತಪ್ಪಾಗಿ ಮಡಿಚಿಕೊಂಡ ಎಳೆ ಸಿಕ್ಕುನೂಲಿನ ಹಾಗೆ. ತಾನೂ ಕೆಡುತ್ತದೆ, ಪಕ್ಕದವನ್ನೂ ತನ್ನ ಸಿಕ್ಕಿಗೆ ಎಳೆಯುತ್ತದೆ.

ಆದ್ದರಿಂದ ಕೋಶದಲ್ಲಿ ಮೂರು ಏರ್ಪಾಡುಗಳಿವೆ. ಒಂದು, ಎಳೆ ತೆಗೆಯುವ ಯಂತ್ರಗಳು. ಎರಡು, ಎಳೆಯನ್ನು ಸರಿಯಾಗಿ ಮಡಿಚಲು ನೆರವಾಗುವ ಪ್ರೋಟೀನುಗಳು. ವಿಜ್ಞಾನಿಗಳು ಇವನ್ನು ಚಾಪರೋನ್ ಎನ್ನುತ್ತಾರೆ, ನಾವು ದಾದಿಯರೆನ್ನೋಣ. ಮೂರು, ಕೆಟ್ಟದ್ದನ್ನು ತೆಗೆದುಹಾಕುವ ಏರ್ಪಾಡು. ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೆ. ಚೀಟಿ ಅಂಟಿದ್ದನ್ನು ಪ್ರೋಟಿಯಸೋಮ್ ಎಂಬ ಪೀಪಾಯಿಯಂಥ ಯಂತ್ರ ಚೂರುಚೂರು ಮಾಡುತ್ತದೆ. ಈ ಚೀಟಿಯ ವ್ಯವಸ್ಥೆಯನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂದಿತು. ಪೀಪಾಯಿಗೆ ಹಿಡಿಸದ ದೊಡ್ಡ ಕಸವನ್ನು ಕೋಶ ಚೀಲದಲ್ಲಿ ಕಟ್ಟಿ ತಾನೇ ಜೀರ್ಣಿಸಿಕೊಳ್ಳುತ್ತದೆ. ಇದಕ್ಕೆ ಸ್ವಭಕ್ಷಣೆ ಎನ್ನಬಹುದು. ಅದರ ಮರ್ಮವನ್ನು ಬಿಡಿಸಿದ ಜಪಾನಿನ ಯೋಶಿನೋರಿ ಒಸುಮಿಯವರಿಗೆ 2016ರ ನೊಬೆಲ್ ಬಹುಮಾನ ದೊರೆಯಿತು. ಮಾಡುವುದು, ಮಡಿಚುವುದು, ತೆಗೆಯುವುದು, ಈ ಮೂರೂ ಒಂದಕ್ಕೊಂದು ಸರಿದೂಗಬೇಕು. ಇದೇ ಕೋಶದೊಳಗಿನ ಪ್ರೋಟೀನಿನ ಸಮತೋಲ.

ರಕ್ತದ ಆಕರಕೋಶದಲ್ಲಿ ಈ ಸಮತೋಲ ಹೇಗಿದೆ? ರಾಬರ್ಟ್ ಸೈನರ್, ಶಾನ್ ಮಾರಿಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಮಜ್ಜೆಯ ಬೇರೆ ಬೇರೆ ಕೋಶಗಳು ಒಂದು ಗಂಟೆಗೆ ಎಷ್ಟು ಪ್ರೋಟೀನು ತಯಾರಿಸುತ್ತವೆ ಎಂಬುದನ್ನು ಅವರು ಅಳೆದರು. ಆಕರಕೋಶ ಮಾಡುವುದು ಉಳಿದ ಹೆಚ್ಚಿನ ಕೋಶಗಳಿಗಿಂತ ಬಹಳ ಕಡಿಮೆ ಎಂದು ಕಂಡುಬಂತು. ಇದು ಸೋಮಾರಿತನವೆ, ನಿಯಮವೆ? ಒಂದು ಬಗೆಯ ಇಲಿಗಳಲ್ಲಿ ಹುಟ್ಟುದೋಷದಿಂದ ಈ ತಯಾರಿಕೆ ಇನ್ನೂ ತಗ್ಗಿತ್ತು. ಅವುಗಳ ಆಕರಕೋಶ ಸೊರಗಿತು. ಇನ್ನೊಂದು ಬಗೆಯಲ್ಲಿ ತಯಾರಿಕೆಯನ್ನು ಏರಿಸಿದರು. ಆಗಲೂ ಆಕರಕೋಶ ಸೊರಗಿತು. ಆಮೇಲೆ ಏರಿಸುವ ದೋಷ, ಇಳಿಸುವ ದೋಷ ಎರಡನ್ನೂ ಒಂದೇ ಇಲಿಯಲ್ಲಿ ಕೂಡಿಸಿ ನೋಡಿದರು. ತಯಾರಿಕೆ ಮೊದಲಿನ ಮಟ್ಟಕ್ಕೆ ಬಂತು, ಆಕರಕೋಶವೂ ಚೇತರಿಸಿಕೊಂಡಿತು! ಹೆಚ್ಚೂ ಕೇಡು, ಕಡಿಮೆಯೂ ಕೇಡು. ಹದ ಒಂದೇ ಕ್ಷೇಮ.

ಕಡಿಮೆ ಮಾಡುವುದರಿಂದ ಏನು ಲಾಭ? ಮೇಷ್ಟ್ರಾದ ನನಗೆ ಇದು ಬೇಗ ಅರ್ಥವಾಯಿತು. ಅವಸರದಲ್ಲಿ ಹತ್ತು ಪುಟ ಬರೆಯುವ ಹುಡುಗನ ಉತ್ತರಪತ್ರಿಕೆಯಲ್ಲಿ ಕಾಗುಣಿತದ ತಪ್ಪು ರಾಶಿಯಾಗಿರುತ್ತದೆ. ನಿಧಾನವಾಗಿ ಎರಡು ಪುಟ ಬರೆಯುವವನಲ್ಲಿ ವಿರಳ. ಪ್ರೋಟೀನಿನ ಎಳೆಯಲ್ಲಿ ಒಂದು ಮಣಿಯ ಬದಲು ಇನ್ನೊಂದು ಸೇರುವ ತಪ್ಪು ಸ್ವಲ್ಪ ಹೆಚ್ಚಿದ ಇಲಿಗಳನ್ನು ಸೈನರ್ ಅವರ ತಂಡ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿತು. ಆ ಸ್ವಲ್ಪ ತಪ್ಪಿಗೇ ಆಕರಕೋಶ ತನ್ನನ್ನು ತಾನು ಮರಳಿ ಹುಟ್ಟಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿತು. ಕೆಲವು ದಿನ ಬಾಳುವ ಕೋಶ ಒಂದಿಷ್ಟು ಕಸವನ್ನು ಸಹಿಸೀತು. ಅದು ಕಸದೊಡನೆ ತಾನೂ ಹೋಗುತ್ತದೆ. ಜೀವಮಾನವಿಡೀ ಬಾಳಬೇಕಾದುದಕ್ಕೆ ಆ ಸಲಿಗೆಯಿಲ್ಲ. ಅದರ ಕಸ ಮನೆಯಲ್ಲೇ ಉಳಿಯುತ್ತದೆ, ಮಕ್ಕಳಿಗೂ ಹಂಚಿಹೋಗುತ್ತದೆ. ತಪ್ಪಾಗಿ ಮಡಿಚಿದ ಪ್ರೋಟೀನನ್ನು ಆಕರಕೋಶ ಹೆಚ್ಚಾಗಿ ಒಂದೆಡೆ ಗುಡ್ಡೆಹಾಕಿ ಸ್ವಭಕ್ಷಣೆಯಿಂದ ತೆರವು ಮಾಡುತ್ತದೆ, ಮುಪ್ಪಿನಲ್ಲಿ ಈ ಏರ್ಪಾಡು ಸಡಿಲವಾಗುತ್ತದೆ ಎಂದು 2023ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆ ತಿಳಿಸಿತು.

ಇದೆಲ್ಲ ಎಲ್ಲೋ ದೂರದ ಕೆಲಸವೆಂದು ನೀವು ಭಾವಿಸಬಾರದು. ನಮ್ಮೂರು ಅಕ್ಕೂರು, ಬೆಂಗಳೂರಿನ ಉತ್ತರಕ್ಕೆ ಜಕ್ಕೂರು. ಹೆಸರಿನಲ್ಲಿಯೇ ಪ್ರಾಸವಿದೆ. ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಮನೀಷಾ ಇನಾಮದಾರ್ ಎಂಬ ವಿಜ್ಞಾನಿ ಹಣ್ಣಿನ ನೊಣದ ರಕ್ತಕಣಗಳಲ್ಲಿ ಕಾಣುವ ಒಂದು ವಂಶವಾಹಿಯನ್ನು ಅಭ್ಯಾಸ ಮಾಡಿದರು. 2003ರ ತಮ್ಮ ಲೇಖನದಲ್ಲಿ ಅವರು ಅದನ್ನು ಕರೆದ ಹೆಸರು ‘ಅಸೃಜ್’. ಇದನ್ನು ಓದಿದಾಗ ನನಗಾದ ಸಂತೋಷವನ್ನು ಏನು ಹೇಳಲಿ! ಅಮರಕೋಶ ಓದಿದವರಿಗೆ ‘ಅಸೃಕ್’ ಹೊಸ ಪದವಲ್ಲ. ರುಧಿರ, ಲೋಹಿತ, ಶೋಣಿತಗಳ ಸಾಲಿನಲ್ಲಿ ರಕ್ತಕ್ಕೆ ಅದೂ ಒಂದು ಹೆಸರು. ಹುಡುಗನಾಗಿದ್ದಾಗ ಅರ್ಥ ಕೇಳದೆ ಬಾಯಿಪಾಠ ಮಾಡಿದ ಪದ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಓಡಾಡುತ್ತಿದೆ.

ಹೆಸರಿನಷ್ಟೇ ಅದರ ಕೆಲಸವೂ ಸೊಗಸು. ಅಸೃಜ್ ಇಲ್ಲದ ನೊಣದಲ್ಲಿ ರಕ್ತದ ಆಕರಕೋಶಗಳು ಹೊತ್ತಿಗೆ ಮೊದಲೇ ಬಲಿತು ಕಣಗಳಾಗಿಬಿಡುತ್ತವೆ ಎಂದು 2011ರಲ್ಲಿ ತಿಳಿಯಿತು. ಆಮೇಲೆ ಅಸೃಜ್ ಇಲ್ಲದ ಇಲಿಗಳನ್ನು ಸಿದ್ಧಪಡಿಸಿ, 2019ರಲ್ಲಿ ಆ ವರದಿಯನ್ನು ಪ್ರಕಟಿಸಿದರು. ಈ ಇಲಿಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದವು. ಆರು ತಿಂಗಳಾಗುವಷ್ಟರಲ್ಲಿ ರಕ್ತಕಣಗಳು ಹೆಚ್ಚಿದವು, ಗುಲ್ಮ ಊದಿತು, ಮಜ್ಜೆಯ ಆಕರಕೋಶಗಳೂ ಹೆಚ್ಚಿದವು. ತಾಯಿಕೋಶ ಹೆಚ್ಚಿದರೆ ಒಳ್ಳೆಯದೇ ಅಲ್ಲವೆ ಎಂದೀರಿ. ಆದರೆ ಅವು ಸುಮ್ಮನಿರುವುದನ್ನು ಮರೆತಿದ್ದವು. ವಿಕಿರಣದಿಂದಲೋ ಔಷಧದಿಂದಲೋ ಒಂದಿಷ್ಟು ಕಷ್ಟ ಕೊಟ್ಟಾಗ ಅವು ಬೇಗ ಬೇಗ ಹೆಚ್ಚಲು ಹೋಗಿ ಬರಿದಾದವು. ಸಾಯುವ ಇಲಿಗಳೂ ಹೆಚ್ಚಿದವು.

ಕಾರಣ ಹುಡುಕಿದಾಗ ಸಿಕ್ಕಿದ್ದು ಇದೇ ಪ್ರೋಟೀನಿನ ಸಮತೋಲ. ಪಿ-53 ಎಂಬ ಪ್ರೋಟೀನು ಕೋಶದ ಕಡಿವಾಣ; ‘ನಿಧಾನ, ನಿಲ್ಲು’ ಎಂದು ಹೇಳುವುದು ಅದು. ಅದು ಕಳೆದುಹೋದರೆ ಕ್ಯಾನ್ಸರಿಗೆ ದಾರಿಯಾಗಬಹುದು. ಸಿ.ಎಸ್.ಎನ್.-5 ಎಂಬ ಮತ್ತೊಂದು ಪ್ರೋಟೀನು ಈ ಪಿ-53ಕ್ಕೆ ಕಸದ ಚೀಟಿ ಅಂಟುವಂತೆ ಮಾಡುತ್ತದೆ. ಅಸೃಜ್ ಮಾಡುವ ಕೆಲಸವೆಂದರೆ ಸಿ.ಎಸ್.ಎನ್.-5 ಅನ್ನು ಹಿಡಿದಿಟ್ಟುಕೊಳ್ಳುವುದು. ಅಸೃಜ್ ಇಲ್ಲವಾದರೆ ಅದರ ಹಿಡಿತ ತಪ್ಪುತ್ತದೆ. ಒಳ್ಳೆಯ ಕಡಿವಾಣವೇ ಕಸದ ಪೀಪಾಯಿಗೆ ಬೀಳುತ್ತದೆ. ಪಿ-53ನ್ನು ಕಾಪಾಡುವ ಔಷಧವೊಂದನ್ನು ಕೊಟ್ಟಾಗ ಇಲಿಗಳ ಮಜ್ಜೆ ಮತ್ತೆ ಹದಕ್ಕೆ ಬರತೊಡಗಿತು. ನೋಡಿ, ಕಸ ಉಳಿದರೆ ಒಂದು ಕೇಡು. ಕಸವಲ್ಲದ್ದನ್ನು ಗುಡಿಸಿ ಹಾಕಿದರೆ ಇನ್ನೊಂದು ಕೇಡು. ಮನೆ ನಡೆಸುವ ತಾಯಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದರಿಂದ ನಮ್ಮ ನಿಮ್ಮ ಮನೆಗೆ ಏನಾಗಬೇಕು? ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಈ ಹೊಸ ತಿಳಿವಳಿಕೆ ಹೆಚ್ಚಾಗಿ ಇಲಿಗಳಿಂದ ಬಂದದ್ದು; ಇದು ಇನ್ನೂ ಔಷಧವಾಗಿಲ್ಲ. ಪ್ರೋಟೀನಿನ ಪುಡಿ ತಿಂದರೆ ಆಕರಕೋಶ ಬಲಿಯುತ್ತದೆಂದು ಯಾರಾದರೂ ಡಬ್ಬ ಮಾರಲು ಬಂದರೆ ನಂಬಬೇಡಿ. ತಿಂದ ಪ್ರೋಟೀನು ಹೊಟ್ಟೆಯಲ್ಲಿ ಬಿಡಿ ಮಣಿಗಳಾಗುತ್ತದೆ. ಅದರಿಂದ ಎಷ್ಟು ಎಳೆ ತೆಗೆಯಬೇಕೆಂಬುದನ್ನು ಕೋಶ ತಾನೇ ತೀರ್ಮಾನಿಸುತ್ತದೆ. ಕಾಳು, ಸೊಪ್ಪು, ರಾಗಿ ಇರುವ ಊಟ ಮೈಗೆ ಬೇಕೇ ಬೇಕು; ರಕ್ತ ಕಡಿಮೆಯಾದರೆ ಕಾರಣವೇನೆಂದು ವೈದ್ಯರು ನೋಡಬೇಕು.

ಎರಡನೆಯದು, ಆಕರಕೋಶದ ಹೆಸರಿನಲ್ಲಿ ಸಕಲ ರೋಗಗಳನ್ನೂ ಗುಣಪಡಿಸುತ್ತೇವೆಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜೊತೆಗೂಡಿ ಹೊರಡಿಸಿದ 2017ರ ರಾಷ್ಟ್ರೀಯ ಮಾರ್ಗಸೂಚಿ, ಗೊತ್ತಾದ ಕೆಲವು ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶದ ಕಸಿಯನ್ನು ಮಾತ್ರ ಚಿಕಿತ್ಸೆಯೆಂದು ಒಪ್ಪಿತು. ಉಳಿದದ್ದು ಒಪ್ಪಿಗೆ ಪಡೆದ ಪ್ರಯೋಗದ ಚೌಕಟ್ಟಿನೊಳಗೇ ನಡೆಯಬೇಕೆಂದಿತು. ಮನೆ ಮಾರಿ ಹಣ ಕಟ್ಟುವ ಮೊದಲು ಇದನ್ನು ನೆನೆಯಿರಿ.

ಮೂರನೆಯದು ಆ ತಾಯಿಯ ಪ್ರಶ್ನೆ. ಮಜ್ಜೆಯ ಕಸಿಗೆ ದಾರಿ ತೆರೆದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿಯೇ ಈ ಕಸಿಯನ್ನು ಮಾಡಿತ್ತು. ಇದರಲ್ಲಿ ಮಜ್ಜೆಯನ್ನೆಲ್ಲ ತೆಗೆಯುವುದಿಲ್ಲ. ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಒಂದಿಷ್ಟನ್ನು ಎಳೆಯುತ್ತಾರೆ. ಇಲ್ಲವೆ, ಕೆಲವು ದಿನ ಚುಚ್ಚುಮದ್ದು ಕೊಟ್ಟು ಆಕರಕೋಶಗಳನ್ನು ರಕ್ತಕ್ಕೆ ಇಳಿಸಿ, ರಕ್ತದಿಂದಲೇ ಬೇರ್ಪಡಿಸುತ್ತಾರೆ. ಕೆಲವು ದಿನ ಸೊಂಟ ನೋವು, ಆಯಾಸ ಇರಬಹುದು. ಕೊಟ್ಟ ಮಜ್ಜೆ ನಾಲ್ಕರಿಂದ ಆರು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಉಳಿದ ತಾಯಿಕೋಶಗಳು ತಮ್ಮ ಮೂಲೆಯಲ್ಲಿ ಇದ್ದೇ ಇರುತ್ತವೆ. ಬೇಕಾದಾಗ ಎದ್ದು, ಬೇಕಾದಷ್ಟು ಹೆಚ್ಚಿ, ಮತ್ತೆ ಸುಮ್ಮನಾಗುತ್ತವೆ. ಬೇರನ್ನು ಕಿತ್ತಂತಲ್ಲ, ಬಿತ್ತನೆಯ ಒಂದು ಹಿಡಿಯನ್ನು ಪಕ್ಕದ ಹೊಲಕ್ಕೆ ಕೊಟ್ಟಂತೆ.

ಇಷ್ಟನ್ನು ನಾನು ತಿಳಿದುಕೊಂಡು ಹೇಳಹೊರಡುವ ಮೊದಲೇ ಆಸ್ಪತ್ರೆಯ ವೈದ್ಯರು ಆ ತಾಯಿಯನ್ನು ಕೂರಿಸಿಕೊಂಡು ಸಮಾಧಾನ ಹೇಳಿದ್ದರು. ಕಸಿ ನಡೆಯಿತು. ಹುಡುಗ ತಿಂಗಳುಗಟ್ಟಲೆ ಸೋಂಕಿಗೆ ಅಂಜಿ, ಮಾತ್ರೆ ನುಂಗುತ್ತ ಮನೆಯೊಳಗೇ ಇದ್ದ. ಈಗ ಮತ್ತೆ ಶಾಲೆಗೆ ಬರುತ್ತಿದ್ದಾನೆ. ಅಕ್ಕ ಎಂದಿನಂತೆ ಹುಳುಮನೆಯ ಕೆಲಸಕ್ಕೆ ನಿಂತಿದ್ದಾಳೆ.

ಮೊನ್ನೆ ಅವರ ಮನೆಗೆ ಹೋದೆ. ಒಳಗೆ ಸದ್ದಿರಲಿಲ್ಲ. ‘ಮೂರನೇ ಜ್ವರ ಮೇಷ್ಟ್ರೇ’ ಎಂದು ಅವಳು ಮೆಲ್ಲಗೆ ಹೇಳಿದಳು. ಬಾಗಿಲಲ್ಲೇ ನಿಂತು ನೋಡಿದೆ. ತಟ್ಟೆಯ ತುಂಬ ಹುಳುಗಳು ತಲೆಯೆತ್ತಿ ಸುಮ್ಮನಿದ್ದವು. ತಾಯಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು. ನಾವು ಹೊರಗೆ ಜಗುಲಿಯ ಮೇಲೆ ಕುಳಿತೆವು.